ಇಬ್ಬರು ತಿಮ್ಮೇಗೌಡರು, ಒಂದೇ ಹೊಲ

ಕೇಳುಗರಿಗೆ ನಮಸ್ಕಾರ.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆ ಹಳೇ ರೂಢಿ. ಇಡುವಾಗ ಖುಷಿ. ವಂಶವೃಕ್ಷ ಬರೆಯಲು ಕೂತಾಗಲೇ ಗೊತ್ತಾಗುವುದು ಅದರ ಫಜೀತಿ.

ನಮ್ಮ ಮನೆಯದೇ ಹೇಳುತ್ತೇನೆ, ಹೆಸರು ಮಾತ್ರ ಬದಲಿಸಿ. ಹಳೇ ಮೈಸೂರಿನ ಕಂದಾಯ ಕಾಗದಗಳಲ್ಲಿ ಹೆಸರಿನ ಜೊತೆ ‘ಬಿನ್’ ಅಂತ ಇರುತ್ತದೆ. ಬಿನ್ ಅಂದರೆ ಇಂಥವರ ಮಗ. ಅಪ್ಪನ ಹೆಸರೂ ಇದೆಯಲ್ಲ, ಇನ್ನೇನು ಕಷ್ಟ, ಅಲ್ವಾ? ನಾನೂ ಹಾಗೇ ಅಂದುಕೊಂಡು ಎಡವಿದೆ. ತಾತ ‘ತಿಮ್ಮೇಗೌಡ ಬಿನ್ ಕರಿಗೌಡ’. ಅವನು ತನ್ನ ಮಗನಿಗೆ ಕರಿಗೌಡ ಅಂತ ಇಟ್ಟ. ಆ ಕರಿಗೌಡ ತನ್ನ ಮಗನಿಗೆ ತಿಮ್ಮೇಗೌಡ ಅಂದ. ಮೊಮ್ಮಗನೂ ‘ತಿಮ್ಮೇಗೌಡ ಬಿನ್ ಕರಿಗೌಡ’ ಆಗಿಬಿಟ್ಟ! ಇಬ್ಬರನ್ನೂ ಒಬ್ಬನೇ ಅಂತ ಬರೆದು ಎರಡು ತಲೆಮಾರನ್ನೇ ನುಂಗಿಹಾಕಿದ್ದೆ.

ಗಂಟು ಬಿಚ್ಚಿದ್ದು ಹೊಲದ ಅಳತೆ. ಒಂದು ಕಾಗದದಲ್ಲಿ ತಿಮ್ಮೇಗೌಡನಿಗೆ 4 ಎಕರೆ 20 ಗುಂಟೆ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ. ಇನ್ನೊಂದರಲ್ಲಿ ಅದೇ ಸರ್ವೆ ನಂಬರಿಗೆ ಮೂರು ಹಿಸ್ಸಾ (ಪಾಲು) ಬಿದ್ದಿದೆ, ತಿಮ್ಮೇಗೌಡನಿಗೆ 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ ತಾನೇ? ಲೆಕ್ಕ ಹಾಕಿ. 180ರಲ್ಲಿ 60, ಸರಿಯಾಗಿ ಮೂರನೇ ಒಂದು. ನಡುವೆ ಅಣ್ಣತಮ್ಮಂದಿರು ಪಾಲಾಗಿದ್ದಾರೆ. ಇಡೀ ಹೊಲದವನು ತಾತ, ಮೂರನೇ ಪಾಲಿನವನು ಮೊಮ್ಮಗ.

ಗ್ಯಾರಂಟಿ ಮಾಡಿಕೊಳ್ಳಲು ಮ್ಯುಟೇಷನ್ ಬೇಕು, ಅಂದರೆ ಜಮೀನು ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ. ಪಹಣಿಯ, ಅಂದರೆ ಜಮೀನಿನ ಆರ್‌ಟಿಸಿಯ, 9ನೇ ಕಾಲಂನಲ್ಲಿ ಜಮೀನು ಯಾರದೋ ಅವರ ಹೆಸರಿರುತ್ತದೆ. ಪಕ್ಕದ 10ರಲ್ಲಿ ಜಮೀನು ಹೇಗೆ ಬಂತು ಅನ್ನುವುದು, ಎಂ.ಆರ್. ನಂಬರ್, ಅಂದರೆ ಮ್ಯುಟೇಷನ್ ದಾಖಲೆಯ ನಂಬರ್, ಸಮೇತ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಡಿ. ಕ್ರಯವೋ (ಕೊಂಡಿದ್ದು), ವಿಭಾಗವೋ (ಪಾಲಾಗಿದ್ದು), ಪೌತಿಯೋ (ತೀರಿಕೊಂಡವರಿಂದ ವಾರಸುದಾರರಿಗೆ ಬಂದಿದ್ದು) ತಿಳಿಯುತ್ತದೆ. ಪೌತಿ ಅಂತಿದ್ದರೆ ಅಷ್ಟು ಹೊತ್ತಿಗೆ ಹಿಂದಿನವರು ತೀರಿಕೊಂಡಿದ್ದಾರೆ ಅಂತ. ಅದನ್ನೇ ಸತ್ತ ವರ್ಷ ಅಂತ ಬರೆದುಕೊಳ್ಳಬೇಡಿ ಮಾತ್ರ. ಪೌತಿ ಖಾತೆ ಮಾಡಿಸಲು ನಮ್ಮ ಜನ ಹತ್ತಿಪ್ಪತ್ತು ವರ್ಷ ಸುಮ್ನೆ ಕೂತಿರುತ್ತಾರೆ. ಮನೆಯ ಟ್ರಂಕಿನಲ್ಲಿ ಹಳೇ ಕ್ರಯಪತ್ರ ಇದ್ದರೆ ಚೆಕ್ಕುಬಂದಿಯನ್ನೂ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರವನ್ನೂ, ಓದಿ. ಪಕ್ಕದ ಹೊಲದವರ ಹೆಸರು ನೋಡಿದರೆ ಕಾಲ ಯಾವುದು ಅನ್ನುವುದು ಸಿಕ್ಕಿಬಿಡುತ್ತದೆ.

ನಮಗೆ ಹುಡುಕದೇ ಇದ್ದ ಒಂದು ಸಾಲೂ ಸಿಕ್ಕಿತು. ‘ಕೆಂಪಮ್ಮ ಕೋಂ ತಿಮ್ಮೇಗೌಡ’. ಕೋಂ ಅಂದರೆ ಹೆಂಡತಿ. ಮನೆಯಲ್ಲಿ ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರ ಬಾಯಲ್ಲೂ ‘ಹಳೇ ಅಜ್ಜಿ’ ಅಷ್ಟೇ. ಯಾವ ತಿಮ್ಮೇಗೌಡನ ಹೆಂಡತಿ ಅಂತೀರಾ? ಆ ಹೆಸರಿನ ಮುಂದೆ 4 ಎಕರೆ 20 ಗುಂಟೆ ಅಂತ ಬರೆದಿತ್ತು.