ಆರು ತಲೆಗಳ ಮನೆಯ ಕಬ್ಬಿಣದ ಧಣಿ

ಆಮ್‌ಸ್ಟರ್‌ಡಾಮ್‌ನ ಕೈಜರ್ಸ್‌ಗ್ರಾಹ್ಟ್ ಕಾಲುವೆಯ ದಡದಲ್ಲಿ, 123ನೆಯ ಸಂಖ್ಯೆಯ ಮನೆಯೆದುರು ನಿಂತಿದ್ದೇನೆ. ಮುಂಗೋಡೆಯಲ್ಲಿ ಸಾಲಾಗಿ ಕಾಣುವ ಆರು ತಲೆಗಳು ಅಪೊಲೊ, ಸೆರೆಸ್, ಮರ್ಕ್ಯುರಿ, ಮಿನರ್ವ, ಬಾಕಸ್ ಮತ್ತು ಡಯಾನಾ ದೇವತೆಗಳವು. 1634ರಲ್ಲಿ ಈ ಮನೆಯನ್ನು ಕೊಂಡ ಲೂಯಿ ದೆ ಗೀರ್‌ನ ಸಂಪತ್ತಿನ ಬೇರು ಮಾತ್ರ ಸ್ವೀಡನ್ನಿನ ಕಾಡುಗಳಲ್ಲಿತ್ತು.

ಈತ 1587ರಲ್ಲಿ ಇಂದಿನ ಬೆಲ್ಜಿಯಂನ ಲಿಯೇಜ್‌ನಲ್ಲಿ ಹುಟ್ಟಿದ. ಪ್ರಾಟೆಸ್ಟೆಂಟ್ ಕ್ರೈಸ್ತರ ಕ್ಯಾಲ್ವಿನ್ ಪಂಥದ ಕುಟುಂಬವು ಧರ್ಮದ ಕಾರಣಕ್ಕೆ ಊರು ತೊರೆದು ಡಚ್ಚರ ನಾಡಿನ ಡಾರ್ಡ್ರೆಕ್ಟ್‌ನಲ್ಲಿ ನೆಲೆಸಿತು. ಮುಂದೆ ಆಮ್‌ಸ್ಟರ್‌ಡಾಮ್‌ನಲ್ಲಿ ಶಸ್ತ್ರಾಸ್ತ್ರ ವ್ಯಾಪಾರಿಯಾಗಿ ಬೆಳೆದ ಈತ, ಯುದ್ಧಕ್ಕೆ ಹಣ ಬೇಕಿದ್ದ ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫನಿಗೆ ಸಾಲ ಕೊಟ್ಟು, ಸ್ವೀಡನ್ನಿನ ಫಿನ್ಸ್‌ಪೋಂಗ್‌ನಲ್ಲಿ ವಿಲೆಮ್ ದೆ ಬೆಷೆಯೆಂಬ ಪಾಲುದಾರನ ಜೊತೆಗೂಡಿ ಫಿರಂಗಿಗಳನ್ನು ಎರಕ ಹೊಯ್ಯಿಸಿದ.

ಅಲ್ಲಿ ಅದಿರಿತ್ತು, ಇದ್ದಲಿಗೆ ಕಾಡಿತ್ತು, ಚಕ್ರ ತಿರುಗಿಸಲು ನೀರಿತ್ತು. ಬೇಕಿದ್ದದ್ದು ಪಳಗಿದ ಕೈ. ಅದನ್ನು ತನ್ನ ಹುಟ್ಟೂರಿನ ಸೀಮೆಯಿಂದಲೇ ಕರೆಸಿದ್ದು ದೆ ಗೀರ್‌ನ ನಿಜವಾದ ಸಾಧನೆಯೆಂದು ನಾನು ನಂಬಿದ್ದೇನೆ. ಹೀಗೆ ಬಂದ ವಲೂನ್ ಕಮ್ಮಾರರು (ಲಿಯೇಜ್ ಸೀಮೆಯ ಫ್ರೆಂಚ್ ಭಾಷಿಕರು) ಬೀಡುಕಬ್ಬಿಣದ ಉದ್ದನೆಯ ಗಟ್ಟಿಯ ತುದಿಯನ್ನು ಮೊದಲ ಕುಲುಮೆಗೆ ನಿಧಾನವಾಗಿ ತಳ್ಳುತ್ತ, ಅದು ಕರಗಿ ತೊಟ್ಟಿಕ್ಕಿದಂತೆ ಕೆಳಗೆ ಕೂಡಿದ ಮುದ್ದೆಯನ್ನು ತೆಗೆದು, ನೀರಿನ ಬಲದಿಂದ ಏರಿಳಿಯುವ ಭಾರಿ ಸುತ್ತಿಗೆಯ ಕೆಳಗೆ ಬಡಿಯುತ್ತಿದ್ದರು. ಎರಡನೆಯ ಕುಲುಮೆಯಲ್ಲಿ ಅದನ್ನು ಮತ್ತೆ ಕಾಯಿಸಿ ಪಟ್ಟಿಯಾಗಿ ಎಳೆಯುತ್ತಿದ್ದರು. ಸ್ವೀಡನ್ನಿನ ಓಸ್ಟರ್‌ಬೀಯಲ್ಲಿ ಅಂಥದೊಂದು ಕಮ್ಮಾರಸಾಲೆ ಇಂದಿಗೂ ಉಳಿದಿದೆ. ಅದರ ಚಿತ್ರಗಳನ್ನು ನೋಡಿದಾಗಲೆಲ್ಲ ಆ ಕಾವಿನಲ್ಲಿ ದುಡಿದವರ ನೆನಪೇ ನನಗೆ ಮೊದಲು ಬರುತ್ತದೆ.

1641ರಲ್ಲಿ ಸ್ವೀಡನ್ ಈತನಿಗೆ ಕುಲೀನ ಪದವಿ ಕೊಟ್ಟಿತು. 1644ರಲ್ಲಿ ಡೆನ್ಮಾರ್ಕಿನ ವಿರುದ್ಧ ಈತ ಡಚ್ ಹಡಗುಗಳ ಪಡೆಯನ್ನೇ ಸ್ವೀಡನ್ನಿಗೆ ಒದಗಿಸಿದ. ಶಿಕ್ಷಣತಜ್ಞ ಕೊಮೇನಿಯಸ್‌ಗೆ ವರ್ಷಗಟ್ಟಲೆ ಆಶ್ರಯದಾತನಾಗಿದ್ದವನೂ ಈತನೇ. ಅದೇ ಕೈ 1649ರಲ್ಲಿ ಸ್ವೀಡಿಷ್ ಆಫ್ರಿಕಾ ಕಂಪನಿಯನ್ನು ಸ್ಥಾಪಿಸಿತು. ಚಿನ್ನ, ದಂತಗಳೊಂದಿಗೆ ಆ ಕಂಪನಿ ಮನುಷ್ಯರನ್ನೂ ಮಾರಿತು. ಧರ್ಮಕ್ಕಾಗಿ ಊರು ಬಿಟ್ಟ ಮನೆಯ ಮಗ ಇತರರನ್ನು ಅವರ ನೆಲದಿಂದ ಕಿತ್ತು ಮಾರುವ ವ್ಯಾಪಾರಕ್ಕಿಳಿದದ್ದನ್ನು ನಾನು ಕ್ಷಮಿಸಲಾರೆ.

1652ರಲ್ಲಿ ದೆ ಗೀರ್ ಆಮ್‌ಸ್ಟರ್‌ಡಾಮ್‌ನಲ್ಲಿಯೇ ತೀರಿಕೊಂಡ. ಈತ 1643ರಲ್ಲಿ ಕೊಂಡಿದ್ದ ಸ್ವೀಡನ್ನಿನ ಲ್ಯೂಫ್ಸ್ತಾ ಕಬ್ಬಿಣದ ಕಾರ್ಖಾನೆಗೆ ಡಾನೆಮೂರ ಗಣಿಯ ಅದಿರು ಬರುತ್ತಿತ್ತು. ಅಲ್ಲಿನ ಪಟ್ಟಿಗಳ ಮೇಲೆ ವೃತ್ತದೊಳಗೆ ‘ಎಲ್’ ಅಕ್ಷರದ ಮುದ್ರೆಯಿರುತ್ತಿತ್ತು. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಉಕ್ಕು ತಯಾರಕರು ಆ ಮುದ್ರೆಯನ್ನು ನೋಡಿ ಕಬ್ಬಿಣ ಕೊಳ್ಳುತ್ತಿದ್ದರು.