ತೋಟದ ಗೇಟಿಗೆ ಬೀಗ ಬಿದ್ದಾಗ: ಇಂಗ್ಲೆಂಡಿನ ಫ್ಲ್ಯಾಟ್ ಕೊಂಡವರ ಜೊತೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಬಿಡುವು ಮಾಡಿಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಇಲ್ಲಿ ಕೂತಿರುವ ಹಲವರು ಇಂಗ್ಲೆಂಡಿನಲ್ಲಿ ಲೀಸ್‌ಹೋಲ್ಡ್ ಫ್ಲ್ಯಾಟ್ ಕೊಂಡವರು. ಅಂದರೆ ಇಷ್ಟು ವರ್ಷಕ್ಕೆ ಅಂತ ಲೀಸ್ ಪತ್ರದ ಮೇಲೆ ಫ್ಲ್ಯಾಟ್ ನಮ್ಮದು, ನೆಲ ಬೇರೆಯವರದ್ದು. ಕಟ್ಟಡದ ಹಿಂದೆ ಎಲ್ಲರೂ ಬಳಸುವ ಒಂದು ತೋಟ ಇರುತ್ತದೆ. ಮಕ್ಕಳು ಅಲ್ಲೇ ಆಡಿ ಬೆಳೆದಿರುತ್ತಾರೆ. ಒಂದು ದಿನ ಫ್ರೀಹೋಲ್ಡ್, ಅಂದರೆ ನೆಲ ಮತ್ತು ಕಟ್ಟಡದ ಒಡೆತನ, ಬೇರೆಯವರ ಕೈಗೆ ಹೋಗುತ್ತದೆ. ಗೇಟಿಗೆ ಹೊಸ ಬೀಗ ಬೀಳುತ್ತದೆ. ಕೇಳಿದರೆ, 'ತೋಟ ನಮ್ಮ ಆಸ್ತಿ' ಅಂತ ಆ ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟರಿಂದ ಪತ್ರ ಬರುತ್ತದೆ. ಅಷ್ಟಕ್ಕೇ ಎಷ್ಟೋ ಜನ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಡಿ ಅಂತ ಹೇಳುವುದಕ್ಕೇ ನಾನು ಬಂದಿದ್ದೇನೆ. ನೆಲ ಅವರದ್ದು, ನಿಜ. ಆದರೆ ನೆಲ ಅವರದ್ದಾದ ಮಾತ್ರಕ್ಕೆ ನಿಮ್ಮನ್ನು ಹೊರಗಿಡುವ ಅಧಿಕಾರ ಅವರಿಗೆ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೊಂಡು ರೂಢಿ ಇರುವವರಿಗೆ ಇಲ್ಲಿ ಗೊಂದಲ ಜಾಸ್ತಿ. ಅಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬರುವ ಕಟ್ಟಡದಲ್ಲಿ ಮೆಟ್ಟಿಲು, ತೋಟ ಎಲ್ಲದರಲ್ಲೂ ನಮಗೆ ಅವಿಭಜಿತ ಪಾಲು ಇರುತ್ತದೆ. ನಾವೆಲ್ಲ ಯುಡಿಎಸ್ ಅಂತೀವಲ್ಲ, ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯ ಲೀಸ್‌ಹೋಲ್ಡರ್‌ಗೆ ಆ ಪಾಲಿಲ್ಲ. 125 ವರ್ಷದ ಲೀಸ್ ಇದ್ದರೂ ಇಲ್ಲ. ಇರುವುದು ಬಳಸುವ ಹಕ್ಕು ಮಾತ್ರ. ಆದರೆ ಅದು ಫ್ಲ್ಯಾಟಿಗೇ ಅಂಟಿಕೊಂಡು ಬರುವ ಹಕ್ಕು. ಫ್ರೀಹೋಲ್ಡರ್ ಬದಲಾದರೂ ಅದು ಬದಲಾಗುವುದಿಲ್ಲ.

ಸಮುದ್ರ ತೀರದ ಊರು ವೆಸ್ಟನ್ ಸೂಪರ್ ಮೇರ್‌ನಲ್ಲಿ ಎಲೆನ್‌ಬರೊ ಪಾರ್ಕ್ ಇದೆ. 19ನೇ ಶತಮಾನದಲ್ಲಿ ಅದರ ಸುತ್ತಲಿನ ನಿವೇಶನಗಳನ್ನು ಮಾರಿದಾಗ, ಪಾರ್ಕ್ ಬಳಸುವ ಹಕ್ಕನ್ನೂ ಕ್ರಯಪತ್ರದಲ್ಲಿ ಬರೆದುಕೊಟ್ಟರು. ಅದನ್ನು ನೋಡಿಕೊಳ್ಳುವ ಖರ್ಚಿನಲ್ಲಿ ಮನೆಯವರೂ ಪಾಲು ಕೊಡಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಪಾರ್ಕನ್ನು ಸೇನೆಯ ಕೆಲಸಕ್ಕೆ ತೆಗೆದುಕೊಂಡರು. ಆಮೇಲೆ ಪರಿಹಾರದ ಹಣ ಯಾರಿಗೆ ಸೇರಬೇಕು ಅಂತ ಜಗಳ ಶುರುವಾಯಿತು. ತೋಟದಲ್ಲಿ ಸುಮ್ನೆ ಓಡಾಡುವುದು, ಕೂರುವುದು ಕಾನೂನು ಒಪ್ಪುವಂಥ ಹಕ್ಕಾ? ಹೌದು ಅಂತ 1955ರಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿತು. ಮನೆಗೆ ಹೊಂದಿಕೊಂಡ ತೋಟ ಆ ಮನೆಯ ಬಳಕೆಗೆ ನಿಜವಾಗಿ ಉಪಯೋಗ, ಆದ್ದರಿಂದ ಇದು ಈಸ್‌ಮೆಂಟ್, ಅಂದರೆ ಬೇರೆಯವರ ನೆಲವನ್ನು ಬಳಸುವ ಕಾನೂನುಬದ್ಧ ಹಕ್ಕು, ಆಗಬಲ್ಲದು ಅಂತ. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕೆಂಟ್‌ನ ಬ್ರೂಮ್ ಪಾರ್ಕ್‌ನಲ್ಲಿ ಗಾಲ್ಫ್ ಮೈದಾನ, ಈಜುಕೊಳ ಬಳಸುವುದನ್ನೂ ಇಂಥದ್ದೇ ಹಕ್ಕು ಅಂತ ಒಪ್ಪಿತು.

ಹಾಗಾಗಿ ಮೊದಲು ಲೀಸ್ ತೆಗೆದು ಓದಿ. 'ಇತರರ ಜೊತೆಗೆ ತೋಟವನ್ನು ಬಳಸುವ ಹಕ್ಕು' ಅಂತ ಬರೆದಿದ್ದರೆ ನಿಮ್ಮ ಕಾಲ ಕೆಳಗೆ ಗಟ್ಟಿ ನೆಲ ಇದೆ. 'ಫ್ರೀಹೋಲ್ಡರ್ ಆಗಾಗ ಅನುಮತಿಸುವ ಜಾಗಗಳು' ಅಂತಿದ್ದರೆ ನೆಲ ಅಷ್ಟು ಗಟ್ಟಿಯಲ್ಲ. ಲೀಸ್‌ಗೆ ಅಂಟಿಸಿರುವ ನಕ್ಷೆಯನ್ನೂ ನೋಡಿ. ಕೆಂಪು ಗೆರೆಯ ಒಳಗೆ ಏನಿದೆ, ಹಸಿರು ಬಳಿದಿರುವುದು ಯಾವುದು ಅನ್ನುವುದರ ಮೇಲೇ ಎಷ್ಟೋ ಕೇಸು ನಿಲ್ಲುತ್ತದೆ. ಕಪ್ಪು ಬಿಳುಪು ಜೆರಾಕ್ಸ್‌ನಲ್ಲಿ ಆ ಬಣ್ಣವೇ ಇರುವುದಿಲ್ಲ. ನಿಮ್ಮ ಪ್ರತಿ ಕಳೆದಿದ್ದರೆ ಲ್ಯಾಂಡ್ ರಿಜಿಸ್ಟ್ರಿಯಿಂದ ತರಿಸಬಹುದು.

ಲೀಸ್‌ನಲ್ಲಿ ತೋಟದ ಮಾತೇ ಇಲ್ಲದಿದ್ದರೆ? ಆಗಲೂ ಒಂದು ದಾರಿ ಇದೆ. 1949ರ ರೈಟ್ ವಿರುದ್ಧ ಮೆಕ್ಯಾಡಮ್ ಕೇಸಿನಲ್ಲಿ, ಮೇಲಿನ ಮಹಡಿಯ ಬಾಡಿಗೆದಾರ ಮಹಿಳೆಗೆ ಮಾಲೀಕರು ತೋಟದ ಶೆಡ್‌ನಲ್ಲಿ ಕಲ್ಲಿದ್ದಲು ಇಡಲು ಬಾಯಿಮಾತಿನಲ್ಲಿ ಒಪ್ಪಿದ್ದರು. ಆಮೇಲೆ ಹೊಸ ಬಾಡಿಗೆ ಕರಾರು ಆಯಿತು. ಅದರಲ್ಲಿ ಶೆಡ್ಡಿನ ಮಾತಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಶೆಡ್ಡಿಗೆ ವಾರಕ್ಕೆ 1 ಶಿಲ್ಲಿಂಗ್ 6 ಪೆನ್ಸ್ ಕೊಡಿ ಅಂದರು. ಕೊಡಬೇಕಾಗಿಲ್ಲ ಅಂತ ಕೋರ್ಟ್ ಹೇಳಿತು. 1925ರ ಲಾ ಆಫ್ ಪ್ರಾಪರ್ಟಿ ಆಕ್ಟ್‌ನ 62ನೇ ಕಲಮಿನ ಪ್ರಕಾರ, ಹೊಸ ಕರಾರು ಆದಾಗ ಆ ಹಳೇ ಅನುಮತಿ ಹಕ್ಕಾಗಿ ಬದಲಾಗಿತ್ತು. ಆದ್ದರಿಂದ ಲೀಸ್ ವಿಸ್ತರಣೆ ಮಾಡಿಸುವಾಗ ಸಾಲಿಸಿಟರ್, ಅಂದರೆ ನಿಮ್ಮ ವಕೀಲರ ಹತ್ತಿರ ತೋಟದ ಬಗ್ಗೆ ಬಾಯಿಬಿಟ್ಟು ಕೇಳಿ. ಈ ಕಲಮು ಅನ್ವಯಿಸುವುದಿಲ್ಲ ಅಂತ ಹೊಸ ಪತ್ರದಲ್ಲಿ ಒಂದು ಸಾಲು ಸೇರಿದ್ದರೆ ಈ ದಾರಿಯೂ ಮುಚ್ಚುತ್ತದೆ.

'20 ವರ್ಷದಿಂದ ಬಳಸುತ್ತಿದ್ದೇವೆ, ಹಕ್ಕು ತಾನಾಗೇ ಬಂತು' ಅನ್ನುವ ವಾದ ನಮ್ಮವರಿಗೆ ಬಹಳ ಪ್ರೀತಿ. ಊರಿನ ದಾರಿ ಜಗಳಗಳಲ್ಲಿ ಕೇಳಿ ಬೆಳೆದಿದ್ದೇವೆ, ಅಲ್ವಾ. ಇಲ್ಲಿ ಲೀಸ್‌ಹೋಲ್ಡರ್ ತನ್ನದೇ ಫ್ರೀಹೋಲ್ಡರ್ ವಿರುದ್ಧ ಆ ವಾದ ಮಾಡಿದರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಈಗ ದುಡ್ಡಿನ ವಿಷಯ. ಇದು ನನಗೆ ನಿಜಕ್ಕೂ ಆತಂಕ ತರುವ ಭಾಗ. ಗೇಟು ಮುಚ್ಚಿದ ಸಿಟ್ಟಿಗೆ ಸರ್ವಿಸ್ ಚಾರ್ಜ್, ಅಂದರೆ ಕಟ್ಟಡ ನೋಡಿಕೊಳ್ಳುವ ಖರ್ಚಿನ ನಿಮ್ಮ ಪಾಲು, ಕಟ್ಟುವುದನ್ನು ನಿಲ್ಲಿಸಬೇಡಿ. ಬಾಕಿ ಬೆಳೆದು, ಲೀಸ್ ರದ್ದು ಮಾಡುವ ಬೆದರಿಕೆಯವರೆಗೂ ಹೋಗಬಹುದು. ಅಷ್ಟು ಸುಲಭವಾಗಿ ರದ್ದು ಮಾಡಲು ಕಾನೂನು ಬಿಡುವುದಿಲ್ಲ, ಆದರೆ ಆ ಪತ್ರ ಕೈಗೆ ಬಂದ ಮನೆಯಲ್ಲಿ ನಿದ್ದೆ ಇರುವುದಿಲ್ಲ. ತಕರಾರಿದೆ ಅಂತ ಬರೆದು ತಿಳಿಸಿ, ಹಣ ಕಟ್ಟಿ. ಒಳಗೆ ಬಿಡದ ತೋಟದ ಹುಲ್ಲು ಕತ್ತರಿಸಿದ ಖರ್ಚನ್ನು ನಾವು ಕೊಡಬೇಕಾ ಅಂತ ಇಂಥ ತಕರಾರು ತೀರ್ಮಾನಿಸುವ ಫಸ್ಟ್ ಟಿಯರ್ ಟ್ರೈಬ್ಯುನಲ್‌ನಲ್ಲಿ ಕೇಳಬಹುದು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ ಅದಕ್ಕೆ ಅವಕಾಶ ಕೊಟ್ಟಿದೆ. ಉತ್ತರ ನಿಮ್ಮ ಲೀಸ್‌ನ ಮಾತಿನ ಮೇಲೆ ನಿಂತಿರುತ್ತದೆ. ಬೀಗ ತೆಗೆಸುವ ಆದೇಶ ಬೇಕಾದರೆ ಕೌಂಟಿ ಕೋರ್ಟಿಗೆ ಹೋಗಬೇಕು. ಅಲ್ಲಿಯೂ ಅಡ್ಡಿ ದೊಡ್ಡದೇ ಅಂತ ತೋರಿಸಬೇಕು. ಬೀಗ ಹಾಕಿ ಎಲ್ಲರಿಗೂ ಒಂದೊಂದು ಕೀ ಕೊಟ್ಟಿದ್ದರೆ ಕೇಸು ಗೆಲ್ಲುವುದು ಕಷ್ಟ.

ಕಟ್ಟಡದ ಉಸ್ತುವಾರಿಯನ್ನು ನಾವೇ ವಹಿಸಿಕೊಂಡರೆ ತೋಟವೂ ಸಿಗುತ್ತದೆ ಅಂತ ಕೆಲವರು ರೈಟ್ ಟು ಮ್ಯಾನೇಜ್‌ಗೆ ಓಡುತ್ತಾರೆ. ಹಲವು ಬ್ಲಾಕ್‌ಗಳು ಸೇರಿ ಬಳಸುವ ತೋಟವಾದರೆ ಹಾಗಾಗುವುದಿಲ್ಲ. ಲಂಡನ್ನಿನ ಸೆಟ್ಲರ್ಸ್ ಕೋರ್ಟ್ ಅನ್ನುವ ಫ್ಲ್ಯಾಟ್ ಕಟ್ಟಡದ ಕೇಸಿನಲ್ಲಿ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಫ್ರೀಹೋಲ್ಡನ್ನೇ ಒಟ್ಟಾಗಿ ಕೊಳ್ಳುವುದು ಬೇರೆ ಮಾತು. 1993ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯಡಿ, ನಿಮಗೆ ಬಳಸುವ ಹಕ್ಕಿರುವ ತೋಟವನ್ನೂ ಸೇರಿಸಿ ಕೇಳಬಹುದು. ನೆಲ ಬಿಡಲು ಮನಸ್ಸಿಲ್ಲದಿದ್ದರೆ ಫ್ರೀಹೋಲ್ಡರ್ ಶಾಶ್ವತ ಬಳಕೆಯ ಹಕ್ಕನ್ನಾದರೂ ಕೊಡಬೇಕಾಗುತ್ತದೆ. ಇದಕ್ಕೆ ಕನಿಷ್ಠ ಅರ್ಧದಷ್ಟು ಫ್ಲ್ಯಾಟಿನವರು ಜೊತೆಗೂಡಬೇಕು. ಹಾಗಾಗಿ ಪಕ್ಕದ ಮನೆ ಬಾಗಿಲು ತಟ್ಟುವ ಕೆಲಸ ಇವತ್ತೇ ಶುರು ಮಾಡಿ. ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನಲ್ಲಿ ಉಚಿತ ಸಲಹೆಯೂ ಸಿಗುತ್ತದೆ.

ಲೀಸ್ ತಂದಿರುವವರು ಈಗ ಈ ಮೇಜಿನ ಹತ್ತಿರ ಬನ್ನಿ, ಒಟ್ಟಿಗೆ ಓದೋಣ. ಬಣ್ಣದ ನಕ್ಷೆ ಇರುವವರು ಮೊದಲು ಬನ್ನಿ.