ಸಾಂಬಾರಿನ ಬಕೆಟ್ ಬರುವ ದಾರಿಯಲ್ಲಿ

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ಕೊಪ್ಪಳ, ಬಸ್ ನಿಲ್ದಾಣದ ಆಸುಪಾಸು, ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಮೊನ್ನೆ ಬೆಳಿಗ್ಗೆಯಿಂದ, ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದಲ್ಲಿದ್ದೆ. ಚಿತ್ರಗಾರರ ಮನೆಯ ಜಗುಲಿಯಲ್ಲಿ ಕುಳಿತು, ಹಗುರ ಮರದ ಗಿಳಿಯೊಂದಕ್ಕೆ ಬಣ್ಣ ಏರುವುದನ್ನು ಚಿತ್ರೀಕರಿಸಿಕೊಂಡೆ. ಆ ವಿಡಿಯೊ ಮುಂದಿನ ವಾರ ಬರುತ್ತದೆ. ಇವತ್ತು ಹೇಳಬೇಕಾದದ್ದು, ಅಲ್ಲಿಂದ ಮರಳಿ ಊಟಕ್ಕೆ ಕುಳಿತಾಗ, ಹೋಟೆಲಿನಲ್ಲಿ ಓಡಾಡುತ್ತಿದ್ದ ಒಂದು ಪುಟ್ಟ ಮಗುವಿನ ಸುತ್ತ ನಡೆದ ಸಂಗತಿ.

ಹೋಟೆಲಿನ ಹೆಸರು ಹೇಳುವುದಿಲ್ಲ, ಆ ಮಗುವಿನ ಮುಖವನ್ನೂ ತೋರಿಸುವುದಿಲ್ಲ. ಆಗ ಕ್ಯಾಮೆರಾ ಬ್ಯಾಗಿನಲ್ಲಿತ್ತು. ಹಾಗಾಗಿ ನಿಮಗೆ ಕಾಣುವುದು ನನ್ನ ತಟ್ಟೆ ಮಾತ್ರ: ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಒಂದು ಚಮಚ ಶೇಂಗಾ ಚಟ್ನಿ.

ನನ್ನ ಎದುರಿನ ಸಾಲಿನಲ್ಲಿ ಐದಾರು ಜನರ ಒಂದು ಕುಟುಂಬವಿತ್ತು. ಅವರ ಜೊತೆ ನಾಲ್ಕು ವರ್ಷದ ಹುಡುಗ. ಅಡುಗೆಮನೆಯ ಬಾಗಿಲಿನಿಂದ ಕೈತೊಳೆಯುವ ಜಾಗದವರೆಗೆ ಎರಡು ಅಡಿ ಅಗಲದ ಒಂದು ಓಣಿ. ಹುಡುಗ ಅಲ್ಲಿ ಓಡುತ್ತಿದ್ದ. ಒಂದು ತುದಿ ಮುಟ್ಟಿ, ಕೂಗಿ, ಇನ್ನೊಂದು ತುದಿಗೆ. ಪಕ್ಕದ ಮೇಜಿನ ಅಜ್ಜನ ನೀರಿನ ಲೋಟ ಆಗಲೇ ಉರುಳಿತ್ತು. ಅಜ್ಜ ಏನೂ ಹೇಳದೆ ಒದ್ದೆಯಾದ ಪಂಚೆಯ ಅಂಚನ್ನು ಹಿಂಡಿಕೊಂಡರು. ತಂದೆಯ ಕಣ್ಣು ಮೊಬೈಲಿನಲ್ಲಿತ್ತು. ತಾಯಿ ಎರಡು ಬಾರಿ ಮಗನ ಹೆಸರು ಹಿಡಿದು ಕರೆದರು, ಆದರೆ ತಾವು ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಸಪ್ಲೈಯರ್ ಬಂದ. ಇಪ್ಪತ್ತು ದಾಟಿರಲಾರದ ಯುವಕ. ಬಲಗೈಯಲ್ಲಿ ಆವಿಯಾಡುವ ಸಾಂಬಾರಿನ ಬಕೆಟ್, ಎಡಗೈಯಲ್ಲಿ ಅನ್ನದ ತಟ್ಟೆ. ‘ಬಿಸಿ, ಬಿಸಿ’ ಎಂದು ಕೂಗುತ್ತಲೇ ಬಂದ. ಹುಡುಗ ಅವನ ಮೊಣಕಾಲಿಗೆ ಸರಿಯಾಗಿ ಢಿಕ್ಕಿ ಹೊಡೆದ. ಬಕೆಟ್ ವಾಲಿತು. ಯುವಕ ಇಡೀ ಮೈಯನ್ನು ಗೋಡೆಗೆ ಒತ್ತಿಕೊಂಡು ಬಕೆಟನ್ನು ತನ್ನ ಎದೆಯ ಮಟ್ಟಕ್ಕೆ ಎತ್ತಿದ. ನಾಲ್ಕಾರು ಹನಿ ಅವನ ಮಣಿಕಟ್ಟಿನ ಮೇಲೆ ಬಿದ್ದವು. ಹುಡುಗನ ತಲೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ನನಗೆ ಅನ್ನ ಇಳಿಯಲಿಲ್ಲ. ನಾನು ಸಪ್ಲೈಯರ್ ಒಬ್ಬರ ಮಗಳು.

ಅಪ್ಪ ಹನ್ನೊಂದನೇ ವಯಸ್ಸಿಗೆ ಹೋಟೆಲಿನಲ್ಲಿ ಮೇಜು ಒರೆಸಲು ಸೇರಿದವರು. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಅಪ್ಪನ ಬಾಲ್ಯಕ್ಕೆ ಅದು ಒದಗಲಿಲ್ಲ. ಅವರ ಎಡ ಮುಂಗೈಯಿಂದ ಮೊಣಕೈವರೆಗೆ ಒಂದು ಕಲೆಯಿದೆ. ಅಲ್ಲಿ ಕೂದಲು ಬೆಳೆಯುವುದಿಲ್ಲ, ಚರ್ಮ ಕಾಗದದಂತೆ ಮಿನುಗುತ್ತದೆ. ಓಡಿಬಂದ ಮಗುವೊಂದು ಕಾಲಿಗೆ ಸಿಕ್ಕಾಗ ಬಕೆಟನ್ನು ತಮ್ಮ ಕಡೆಗೆ ವಾಲಿಸಿಕೊಂಡಿದ್ದರು. ಯೋಚಿಸಲು ಸಮಯವಿತ್ತೇ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ‘ಇರಲಿಲ್ಲ, ಕೈ ತಾನೇ ತಿರುಗಿತು’ ಎಂದರು. ಹನ್ನೆರಡು ದಿನ ಕೆಲಸವಿಲ್ಲ, ಕೂಲಿಯೂ ಇಲ್ಲ. ಮಗುವನ್ನು ಎತ್ತಿಕೊಂಡು ಹೋದವರು ಮತ್ತೆ ಬಂದು ವಿಚಾರಿಸಲಿಲ್ಲ. ಸುಟ್ಟ ಜಾಗಕ್ಕೆ ಯಾರೋ ಪೇಸ್ಟ್ ಬಳಿದರು, ಇನ್ನಾರೋ ಶಾಯಿ ಸುರಿದರು. ಎರಡೂ ಮಾಡಬಾರದ ಕೆಲಸ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಮಂಜುಗಡ್ಡೆ ಇಡಬಾರದು, ಆಮೇಲೆ ಆಸ್ಪತ್ರೆಗೆ ಹೋಗಬೇಕು. ಮೊನ್ನೆ ನಾನು ಆ ಯುವಕನನ್ನು ನಲ್ಲಿಯ ಹತ್ತಿರ ಕರೆದೊಯ್ದು ಇದನ್ನೇ ಹೇಳಿದೆ. ಎರಡು ನಿಮಿಷ ನಿಂತ. ಒಳಗಿನಿಂದ ಅವನ ಹೆಸರು ಕೂಗಿದರು, ಹೊರಟುಹೋದ.

ಪುಟ್ಟ ಮಕ್ಕಳ ಚರ್ಮ ನಮ್ಮ ಚರ್ಮಕ್ಕಿಂತ ತೆಳು. ನಮಗೆ ಬೊಬ್ಬೆ ಎಬ್ಬಿಸುವ ಬಿಸಿ ಅವರಿಗೆ ಆಳವಾದ ಗಾಯ ಮಾಡುತ್ತದೆ. ಮೇಲಾಗಿ ಬಕೆಟ್ ಹಿಡಿದವನ ಸೊಂಟದ ಎತ್ತರಕ್ಕೆ ಬರುವುದು ನಾಲ್ಕು ವರ್ಷದ ಮಗುವಿನ ಮುಖ. ಬಕೆಟ್ ಹಿಡಿದವನಿಗೆ ಆ ಎತ್ತರದಲ್ಲಿ ಏನೂ ಕಾಣುವುದಿಲ್ಲ. ನಮ್ಮ ಭಾಗದ ಹೋಟೆಲುಗಳಲ್ಲಿ ಇನ್ನೊಂದು ಅಪಾಯವಿದೆ. ಮಿರ್ಚಿ ಕರಿಯುವ ಬಾಣಲೆ ಬಾಗಿಲಲ್ಲೇ ಇರುತ್ತದೆ, ದಾರಿಹೋಕರಿಗೆ ವಾಸನೆ ಹೋಗಲಿ ಎಂದು. ಕುದಿಯುವ ನೀರು 100 ಡಿಗ್ರಿ. ಮಿರ್ಚಿ ಬೇಯುವ ಎಣ್ಣೆ 170, 180 ಡಿಗ್ರಿ. ಮೇಜಿನ ಅಂಚಿನಿಂದ ಒಂದು ಗೇಣು ಹೊರಗೆ ಚಾಚಿದ ಬಾಣಲೆಯ ಹಿಡಿಯನ್ನು ಎಷ್ಟು ಕಡೆ ನೋಡಿದ್ದೇನೆ! ಹೋಟೆಲ್ ನಡೆಸುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಆ ಒಲೆಯ ಮುಂದೆ ಒಂದು ಅಡ್ಡಕಟ್ಟೆ ಹಾಕಿಸಿ. ಇವತ್ತೇ ಹಾಕಿಸಿ.

ಮತ್ತೆ ಆ ಮೇಜಿಗೆ ಬರುತ್ತೇನೆ. ನಾನು ಎದ್ದು ಹೋಗಿ ತಂದೆಯ ಬಳಿ ನಿಂತು, ‘ಸಾಂಬಾರು ಮಗುವಿನ ಮೇಲೆ ಬೀಳುವುದರಲ್ಲಿತ್ತು, ಆ ಸಪ್ಲೈಯರ್ ತಡೆದ, ಅವನ ಕೈ ಸುಟ್ಟಿದೆ’ ಎಂದೆ. ‘ಮಕ್ಕಳಲ್ಲವೇ, ಓಡಾಡದೆ ಏನು ಮಾಡುತ್ತವೆ’ ಎಂದರು. ನನಗೆ ಸಿಟ್ಟು ಬಂತು. ಆದರೆ ಆ ಮಾತಿನ ಮೊದಲ ಅರ್ಧ ನಿಜ. ಆ ಹುಡುಗ ತಪ್ಪು ಮಾಡಿರಲಿಲ್ಲ. ತಾಯಿಯನ್ನು ಕೇಳಿದಾಗ ಗೊತ್ತಾಯಿತು: ಬೆಳಗಿನ ಆರಕ್ಕೆ ಮನೆ ಬಿಟ್ಟವರು, ಎರಡು ಬಸ್ಸು ಬದಲಿಸಿ, ಗವಿಮಠಕ್ಕೆ ಹೋಗಿ, ಈಗ ಊಟಕ್ಕೆ ಕುಳಿತಿದ್ದಾರೆ. ಹುಡುಗ ಹಸಿದಿದ್ದ, ನಿದ್ದೆಗೆಟ್ಟಿದ್ದ, ಎಂಟು ಗಂಟೆ ಹಿರಿಯರ ತೊಡೆಯ ಮೇಲೆ ಅಲ್ಲಾಡದೆ ಕುಳಿತಿದ್ದ. ಆ ತಾಯಿಯ ಕಣ್ಣೂ ಕೆಂಪಾಗಿತ್ತು. ಮಗನನ್ನು ಕರೆದಾಗ ತಿರುಗಿ ನೋಡುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಅವರನ್ನು ನಾನು ದೂರಲಾರೆ. ಮೊಬೈಲಿನಿಂದ ತಲೆ ಎತ್ತದ ತಂದೆಯನ್ನು ಮಾತ್ರ ದೂರುತ್ತೇನೆ. ಅವರು ಎದ್ದು ಮಗನನ್ನು ಹತ್ತು ನಿಮಿಷ ಹೊರಗೆ ಬೇವಿನ ಮರದ ಕೆಳಗೆ ಓಡಿಸಿ ತಂದಿದ್ದರೆ ಸಾಕಿತ್ತು. ಊಟ ಬರಲು ಹೇಗೂ ಅಷ್ಟು ಹೊತ್ತು ಬೇಕಿತ್ತು.

ಇಂಥ ಹೊತ್ತಿನಲ್ಲಿ ಹಲವರು ಮಾಡುವುದು ತಮ್ಮ ಮೊಬೈಲನ್ನೇ ಮಗುವಿನ ಕೈಗೆ ಕೊಡುವುದು. ಓಟ ನಿಲ್ಲುತ್ತದೆ, ನಿಜ. ಆದರೆ ಬಾಯಿಗೆ ಏನು ಬಂತೆಂದು ಮಗುವಿಗೆ ತಿಳಿಯುವುದಿಲ್ಲ. ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ. 2ರಿಂದ 4 ವರ್ಷದ ಮಕ್ಕಳಿಗೆ ಇಡೀ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ಗಂಟೆಯನ್ನು ಊಟದ ಹೊತ್ತಿಗೇ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇದೇ ಊರಿನ ಗವಿಮಠದ ಗವಿಸಿದ್ಧೇಶ್ವರ ಜಾತ್ರೆಯನ್ನು ನೆನೆಯಿರಿ. ಜನವರಿಯಲ್ಲಿ ಊರೂರಿನಿಂದ ಟ್ರ್ಯಾಕ್ಟರುಗಳಲ್ಲಿ, ಎತ್ತಿನ ಗಾಡಿಗಳಲ್ಲಿ ರೊಟ್ಟಿ ಬರುತ್ತವೆ. ಮಹಾದಾಸೋಹದಲ್ಲಿ ಲಕ್ಷಾಂತರ ಜನ ಉಣ್ಣುತ್ತಾರೆ. ಅಲ್ಲಿಯೂ ಮಕ್ಕಳಿರುತ್ತಾರೆ, ಅಲ್ಲಿಯೂ ಬಿಸಿ ಸಾರು ಓಡಾಡುತ್ತದೆ. ಪಂಕ್ತಿಯಲ್ಲಿ ಮಗು ಎದ್ದರೆ ಪಕ್ಕದಲ್ಲಿ ಕುಳಿತ ಪರಿಚಯವಿಲ್ಲದ ಅಜ್ಜಿ ಅಂಗಿ ಹಿಡಿದು ಕೂರಿಸುತ್ತಾಳೆ, ಸಿಹಿ ಮಾದಲಿಯ ಒಂದು ಮುಷ್ಟಿ ಬಾಯಿಗಿಡುತ್ತಾಳೆ. ತಾಯಿ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಹೋಟೆಲಿನ ಮೇಜಿಗೆ ಬಂದೊಡನೆ ನಾವು ಬೇರೆ ಜನರಾಗುತ್ತೇವೆ: ಅವರು ಮಗನನ್ನು ನೋಡಿಕೊಳ್ಳುವುದಿಲ್ಲ, ನಾವು ಬಾಯಿ ತೆರೆಯುವುದಿಲ್ಲ, ಮನಸ್ಸಿನಲ್ಲೇ ಶಪಿಸುತ್ತಾ ಉಣ್ಣುತ್ತೇವೆ. ನಾನೂ ಆ ದಿನ ಲೋಟ ಉರುಳಿದಾಗಲೇ ಏಳಬೇಕಿತ್ತು. ಬಕೆಟ್ ವಾಲುವವರೆಗೆ ಕುಳಿತಿದ್ದೆ. ಅದು ನನ್ನನ್ನು ಇನ್ನೂ ಚುಚ್ಚುತ್ತಿದೆ.

ತಂದೆಯ ಜೊತೆ ಮಾತು ಮುಂದುವರಿಸದೆ ಹುಡುಗನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಎತ್ತರದಿಂದ ಗದರಿಸಿದರೆ ಮಗುವಿಗೆ ಕೇಳುವುದು ದನಿ ಮಾತ್ರ. ‘ಆ ಅಣ್ಣನ ಕೈ ನೋಡು, ಸಾಂಬಾರು ಬಿದ್ದು ಕೆಂಪಾಗಿದೆ’ ಎಂದೆ. ನೋಡಿದ. ತುಟಿ ಒಳಗೆಳೆದುಕೊಂಡ. ಕಿನ್ನಾಳದಿಂದ ತಂದ ಗಿಳಿಯನ್ನು ಬ್ಯಾಗಿನಿಂದ ತೆಗೆದು ಕೊಟ್ಟು, ‘ಇದಕ್ಕೆ ಕೂರಲು ಒಂದು ಜಾಗ ಹುಡುಕು’ ಎಂದೆ. ಗೋಡೆಯ ಪಕ್ಕದ ಕುರ್ಚಿ ತೋರಿಸಿ, ತಾನೂ ಹತ್ತಿ ಕುಳಿತ. ಉಳಿದವರ ಊಟಕ್ಕೆ ಕಾಯದೆ ಅವನಿಗೊಂದು ರೊಟ್ಟಿ, ಮೊಸರು ಮೊದಲು ಕೊಡಿ ಎಂದು ಕೇಳಿಕೊಂಡೆ. ತಾಯಿ ಪಕ್ಕದ ಕುರ್ಚಿಗೆ ಸರಿದು, ಅವನನ್ನು ಗೋಡೆಯ ಬದಿಗೆ ಮಾಡಿಕೊಂಡರು. ತಂದೆ ಮೊಬೈಲನ್ನು ಜೇಬಿಗಿಟ್ಟರು. ನನ್ನ ಮುಖ ನೋಡಲಿಲ್ಲ, ಆದರೆ ಎದ್ದು ಹೋಗಿ ಆ ಯುವಕನ ಹತ್ತಿರ ಏನೋ ಮಾತಾಡಿ ಬಂದರು.

ನಾನು ಕೈತೊಳೆದು ಹೊರಡುವ ಹೊತ್ತಿಗೆ ಅದೇ ಯುವಕ ಅವರ ಮೇಜಿಗೆ ಬಂದ. ಈ ಸಲ ಬಕೆಟನ್ನು ಎರಡೂ ಕೈಯಿಂದ ಹಿಡಿದಿದ್ದ, ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿತ್ತು. ಹುಡುಗ ಗಿಳಿಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ. ಬಾಯಲ್ಲಿ ರೊಟ್ಟಿ ತುಂಬಿಕೊಂಡೇ ಅವನಿಗಿಂತ ಮೊದಲು ಕೂಗಿದ: ‘ಬಿಸಿ, ಬಿಸಿ!’